ಕಂಡ ನೆತ್ತರನ್ನು ಎಣಿಸುವ ಬಗೆ

ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕಾದು ಕುಳಿತವರಿಗೆ ವೈದ್ಯರು ಬಂದು ಹೇಳುವ ಮಾತು ಸಾಮಾನ್ಯವಾಗಿ ಎರಡರಲ್ಲಿ ಒಂದು. ರಕ್ತದೊತ್ತಡ ಹತೋಟಿಗೆ ಬಂದಿದೆ, ಇಲ್ಲವೇ ಇನ್ನೂ ಬಂದಿಲ್ಲ. ಬಂದಿದೆ ಎಂದು ಕೇಳಿದ ಮನೆಯವರು ನೆಮ್ಮದಿಯ ಉಸಿರು ಬಿಟ್ಟು ಕಾಫಿ ಕುಡಿಯಲು ಏಳುತ್ತಾರೆ. ಆದರೆ ಕೆಲವೊಮ್ಮೆ ಮಾರನೆಯ ದಿನ ಅದೇ ವೈದ್ಯರು ಬಂದು ಮೂತ್ರಪಿಂಡ ಕೆಲಸ ನಿಲ್ಲಿಸಿದೆ ಎನ್ನುತ್ತಾರೆ. ಅದರ ಮರುದಿನ ಪಿತ್ತಜನಕಾಂಗದ ಸರದಿ. ರಕ್ತದೊತ್ತಡ ಸರಿಯಾಗಿಯೇ ಇತ್ತು, ಹೃದಯ ಬಡಿಯುತ್ತಲೇ ಇತ್ತು, ರಕ್ತದಲ್ಲಿ ಆಮ್ಲಜನಕಕ್ಕೂ ಕೊರತೆಯಿರಲಿಲ್ಲ. ಹಾಗಿದ್ದರೆ ಕೆಟ್ಟದ್ದು ಎಲ್ಲಿ?

ಬಹುಮಟ್ಟಿಗೆ, ಕಾಲುವೆಯ ಕೊನೆಭಾಗದಲ್ಲಿ. ಅಣೆಕಟ್ಟು ತುಂಬಿರುತ್ತದೆ, ಮುಖ್ಯ ಕಾಲುವೆಯಲ್ಲಿ ನೀರು ದಡ ಮುಟ್ಟಿ ಹರಿಯುತ್ತಿರುತ್ತದೆ. ಆದರೂ ಕೊನೆಭಾಗದ ರೈತನ ಗದ್ದೆ ಬಿರುಕು ಬಿಟ್ಟಿರುತ್ತದೆ. ಮೇಲೆ ನಿಂತು ನೀರಿನ ಮಟ್ಟ ಅಳೆದವರಿಗೆ ಇದು ತಿಳಿಯುವುದಿಲ್ಲ. ದೇಹದ ಕಥೆಯೂ ಹೀಗೆಯೇ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಒತ್ತಡ ಮುಖ್ಯ ಕಾಲುವೆಯದು. ಜೀವಕೋಶಗಳಿಗೆ ಆಮ್ಲಜನಕ ಸಿಗುವುದಾದರೋ ಲೋಮನಾಳಗಳೆಂಬ ಕಟ್ಟಕಡೆಯ ಕವಲುಗಳಲ್ಲಿ. ಲೋಮವೆಂದರೆ ಕೂದಲು. ಆದರೆ ಈ ನಾಳಗಳು ಕೂದಲಿಗಿಂತ ಬಹಳ ಸಪೂರ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ 70 ಭಾಗ. ಲೋಮನಾಳದ ಅಗಲ 5ರಿಂದ 10 ಮೈಕ್ರಾನ್. ಒಂದು ಕೆಂಪು ರಕ್ತಕಣದ ಅಗಲವೇ 7ರಿಂದ 8 ಮೈಕ್ರಾನ್ ಇರುವುದರಿಂದ ಕಣಗಳು ಇಲ್ಲಿ ಒಂದರ ಹಿಂದೊಂದು ಸಾಲಾಗಿ, ಎಷ್ಟೋ ಕಡೆ ಮೈ ಮಡಚಿಕೊಂಡು ನುಸುಳಬೇಕಾಗುತ್ತದೆ.

ಈ ನುಸುಳಾಟವನ್ನು ಇಂದು ಬದುಕಿರುವ ಮನುಷ್ಯನಲ್ಲಿಯೇ ನೋಡಬಹುದು. ರೋಗಿಯ ನಾಲಗೆಯ ಕೆಳಗೆ ಪುಟ್ಟ ಸೂಕ್ಷ್ಮದರ್ಶಕವನ್ನಿಟ್ಟರೆ ಲೋಮನಾಳಗಳ ಜಾಲವೂ ಅದರೊಳಗೆ ಹರಿಯುವ ಕಣಗಳೂ ವಿಡಿಯೋ ಪರದೆಯ ಮೇಲೆ ಮೂಡುತ್ತವೆ. ಆದರೆ ನೋಡಿದ ಮಾತ್ರಕ್ಕೆ ಚಿಕಿತ್ಸೆ ನಡೆಯದು. ಎಷ್ಟು ನಾಳಗಳು ಹರಿಯುತ್ತಿವೆ, ಎಷ್ಟು ನಿಂತಿವೆ, ಹರಿವಿನ ವೇಗವೆಷ್ಟು ಎಂಬ ಲೆಕ್ಕ ಬೇಕು. ಆ ಲೆಕ್ಕ ರೋಗಿ ಕೈಮೀರುವ ಮೊದಲೇ ಬರಬೇಕು. ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ಯತ್ನ ಹೊಸದು. ಕಾಣುವುದಕ್ಕೂ ಎಣಿಸುವುದಕ್ಕೂ ನಡುವಿನ ಅಂತರ ಮಾತ್ರ ಹೆಚ್ಚುಕಡಿಮೆ 400 ವರ್ಷಗಳಷ್ಟು ಹಳೆಯದು.

ಕಾಣದೆ ಎಣಿಸಿದವನು

ಯೂರೋಪಿನ ವೈದ್ಯರು ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ನಂಬಿದ್ದು 2ನೆಯ ಶತಮಾನದ ಗ್ಯಾಲೆನ್ ಹೇಳಿದ ಮಾತನ್ನು. ಉಂಡ ಆಹಾರದಿಂದ ಪಿತ್ತಜನಕಾಂಗದಲ್ಲಿ ರಕ್ತ ತಯಾರಾಗುತ್ತದೆ, ನಾಳಗಳಲ್ಲಿ ಹರಿದು ಅಂಗಾಂಗಗಳನ್ನು ಸೇರಿ ಅಲ್ಲಿಯೇ ಖರ್ಚಾಗಿಹೋಗುತ್ತದೆ ಎಂಬುದು ಆ ನಂಬಿಕೆ. ಲಂಡನ್ನಿನ ವೈದ್ಯ ವಿಲಿಯಂ ಹಾರ್ವೆ ಇದನ್ನು ಒಡೆದದ್ದು ಒಂದು ಸರಳ ಗುಣಾಕಾರದಿಂದ. ಹೃದಯ ಒಮ್ಮೆ ಬಡಿದಾಗ ಹೊರದೂಡುವ ರಕ್ತ ಅರ್ಧ ಔನ್ಸ್ ಎಂದಿಟ್ಟುಕೊಳ್ಳೋಣ, ಅರ್ಧ ಗಂಟೆಯಲ್ಲಿ ಹೃದಯ ಸಾವಿರ ಬಾರಿಯಾದರೂ ಬಡಿಯುತ್ತದೆ ಎಂದು ಆತ ಲೆಕ್ಕ ಹಾಕಿದ. ಗುಣಿಸಿದರೆ 500 ಔನ್ಸ್. ಇಂದಿನ ಅಳತೆಯಲ್ಲಿ ಸುಮಾರು 15 ಲೀಟರ್. ವಯಸ್ಕ ಮನುಷ್ಯನ ಮೈಯಲ್ಲಿರುವ ಒಟ್ಟು ರಕ್ತವೇ 5 ಲೀಟರಿನ ಆಸುಪಾಸು. ಅರ್ಧ ಗಂಟೆಗೆ ಇಷ್ಟು ರಕ್ತವನ್ನು ಹುಟ್ಟಿಸುವ ಆಹಾರವನ್ನು ಯಾರೂ ಉಣ್ಣಲಾರರು. ಆದ್ದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕು.

1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಹಾರ್ವೆಯ ಲ್ಯಾಟಿನ್ ಗ್ರಂಥದ ತಿರುಳು ಇದು. ಅಪಧಮನಿಗಳ ಮೂಲಕ ಹೊರಟ ರಕ್ತ ಅಭಿಧಮನಿಗಳ ಮೂಲಕ ಹೃದಯಕ್ಕೆ ಹಿಂತಿರುಗುತ್ತದೆ. ಆದರೆ ಇವೆರಡರ ನಡುವೆ ರಕ್ತ ದಾಟುವ ದಾರಿ ಯಾವುದು? ಹಾರ್ವೆ ಅದನ್ನು ಕಾಣಲಿಲ್ಲ. ದಾರಿ ಇರಲೇಬೇಕು ಎಂದು ಲೆಕ್ಕ ಹೇಳುತ್ತಿತ್ತು. ಕಣ್ಣಿಗೆ ಅದು ಸಿಕ್ಕಿರಲಿಲ್ಲ. 1657ರಲ್ಲಿ ಆತ ತೀರಿಕೊಳ್ಳುವವರೆಗೂ ಈ ಕೊಂಡಿ ಕಾಣದಂತೆಯೇ ಉಳಿಯಿತು.

ಎಣಿಸದೆ ಕಂಡವನು

ಹಾರ್ವೆಯ ಪುಸ್ತಕ ಹೊರಬಂದ ವರ್ಷವೇ ಇಟಲಿಯಲ್ಲಿ ಮಾರ್ಚೆಲ್ಲೊ ಮಾಲ್ಪಿಗಿ ಹುಟ್ಟಿದ. ಬೊಲೊನ್ಯಾದಲ್ಲಿ ವೈದ್ಯನಾಗಿದ್ದ ಈತ 1661ರಲ್ಲಿ ಗೆಳೆಯ ಬೊರೆಲ್ಲಿಗೆ ಬರೆದ ಎರಡು ಪತ್ರಗಳಲ್ಲಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ವಿವರ ಕೊಟ್ಟ. ರಕ್ತ ನಾಳದಿಂದ ಹೊರಬಿದ್ದು ಖಾಲಿ ಜಾಗಗಳಲ್ಲಿ ಚೆಲ್ಲಾಡುತ್ತದೆ ಎಂದು ಮೊದಲು ಅವನೂ ಭಾವಿಸಿದ್ದ. ಗಮನವಿಟ್ಟು ನೋಡಿದಾಗ ತಿಳಿದದ್ದೇ ಬೇರೆ. ರಕ್ತ ಎಲ್ಲಿಯೂ ಚೆಲ್ಲುವುದಿಲ್ಲ. ಬಲೆಯಂತೆ ಹೆಣೆದುಕೊಂಡ ಅತಿ ಸಣ್ಣ ನಾಳಗಳೊಳಗೇ ಹರಿದು ಆಚೆಗೆ ಸೇರುತ್ತದೆ. ಹಾರ್ವೆಯ ಲೆಕ್ಕ ಬೇಡಿದ ಕೊಂಡಿ ಇದೇ ಆಗಿತ್ತು.

ಆದರೆ ಕಂಡದ್ದೆಲ್ಲ ತಿಳಿದದ್ದಾಗುವುದಿಲ್ಲ ಎಂಬುದಕ್ಕೂ ಮಾಲ್ಪಿಗಿಯೇ ಸಾಕ್ಷಿ. 1665ರ ಬರಹವೊಂದರಲ್ಲಿ ಅವನು ಮುಳ್ಳುಹಂದಿಯಂಥ ಪುಟ್ಟ ಪ್ರಾಣಿಯಾದ ಹೆಡ್ಜ್‌ಹಾಗಿನ ರಕ್ತನಾಳದಲ್ಲಿ ಕೆಂಪು ಮಣಿಗಳು ಸಾಲುಗೂಡಿರುವುದನ್ನು ವರ್ಣಿಸಿದ್ದಾನೆ. ಅವು ಕೊಬ್ಬಿನ ಕಣಗಳೆಂದು ಅವನು ಬಗೆದ. ಅವು ಕೆಂಪು ರಕ್ತಕಣಗಳಾಗಿದ್ದವು. ಅವನ ಕಣ್ಣು ತಪ್ಪಲಿಲ್ಲ, ಕಂಡದ್ದಕ್ಕೆ ಕೊಟ್ಟ ಹೆಸರು ತಪ್ಪಿತು. ಮುಂದೆ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1674ರಲ್ಲಿ ರಕ್ತಕಣಗಳನ್ನು ಸರಿಯಾಗಿ ವಿವರಿಸಿದ. 1688ರಲ್ಲಿ ಗೊದಮೊಟ್ಟೆಯ ಬಾಲದಲ್ಲಿ ರಕ್ತ ಒಂದು ಕಡೆಯಿಂದ ಬಂದು ಸಣ್ಣ ನಾಳಗಳಲ್ಲಿ ತಿರುಗಿ ಇನ್ನೊಂದು ಕಡೆಗೆ ಹೋಗುವುದನ್ನು ಬಣ್ಣಿಸಿದ. ತಾನೇ ಅರೆದ ಒಂದು ಪುಟ್ಟ ಮಸೂರದ ಹಿಂದೆ ಕಣ್ಣಿಟ್ಟು ಅವನು ನೋಡಿದ್ದು, ಇಂದಿನ ವಿಡಿಯೋದಲ್ಲಿ ಕಾಣುವ ದೃಶ್ಯವನ್ನೇ.

ಒಂದು ಲಕ್ಷ ಕಿಲೋಮೀಟರಿನ ಕಥೆ

ಲೋಮನಾಳಗಳನ್ನು ಮನಸ್ಸಿಟ್ಟು ಎಣಿಸಿದವರಲ್ಲಿ ಪ್ರಮುಖ, ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ಸ್ನಾಯು ವಿಶ್ರಾಂತಿಯಲ್ಲಿದ್ದಾಗ ಅದರ ಲೋಮನಾಳಗಳಲ್ಲಿ ಕೆಲವು ಮಾತ್ರ ತೆರೆದಿರುತ್ತವೆ, ಕೆಲಸಕ್ಕಿಳಿದಾಗ ಹಲವು ತೆರೆದುಕೊಳ್ಳುತ್ತವೆ ಎಂದು ಆತ ವಾದಿಸಿದ. ಪ್ರಾಣಿಗಳ ರಕ್ತನಾಳಕ್ಕೆ ಶಾಯಿ ಸೇರಿಸಿ, ಸ್ನಾಯುವನ್ನು ಅಡ್ಡ ಕತ್ತರಿಸಿ, ಶಾಯಿ ತುಂಬಿದ ನಾಳಗಳನ್ನು ಎಣಿಸಿದ್ದು ಇದಕ್ಕೆ ಆಧಾರ. ಲೋಮನಾಳಗಳ ನಿಯಂತ್ರಣ ಕುರಿತ ಈ ಕೆಲಸಕ್ಕೆ 1920ರ ನೊಬೆಲ್ ಪ್ರಶಸ್ತಿ ಬಂತು.

ಮನುಷ್ಯನ ದೇಹದ ಲೋಮನಾಳಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಲಕ್ಷ ಕಿಲೋಮೀಟರ್ ಉದ್ದವಾಗುತ್ತದೆ, ಭೂಮಿಯನ್ನು ಎರಡೂವರೆ ಸುತ್ತು ಸುತ್ತಬಹುದು ಎಂಬ ಮಾತನ್ನು ಶಾಲಾ ಮಕ್ಕಳೂ ಕೇಳಿರುತ್ತಾರೆ. ಅದರ ಮೂಲವೂ ಕ್ರೋಗ್. ಒಬ್ಬ ಮನುಷ್ಯನಲ್ಲಿ 50 ಕಿಲೋಗ್ರಾಂ ಸ್ನಾಯು ಇದೆ, ಅದರ ಪ್ರತಿ ಚದರ ಮಿಲಿಮೀಟರಿನಲ್ಲಿ 2000 ಲೋಮನಾಳಗಳಿವೆ ಎಂದು ಇಟ್ಟುಕೊಂಡು ಆತ ಗುಣಿಸಿದ್ದ. 50 ಕಿಲೋ ಸ್ನಾಯು ಇರುವುದು ಪೈಲ್ವಾನರಿಗೆ. 2000 ಎಂಬ ದಟ್ಟಣೆಯೂ ಮನುಷ್ಯನ ಸ್ನಾಯುವಿಗೆ ಹೆಚ್ಚಾಯಿತು. ನಿಜವಾದ ಉದ್ದ ಇದಕ್ಕಿಂತ ಬಹಳ ಕಡಿಮೆ ಎಂದು ಈಚಿನ ಶರೀರಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಆದರೂ ಒಂದು ಲಕ್ಷದ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟಿ ಶತಮಾನ ಬಾಳಿತು. ಎಣಿಕೆಯ ಹಿಂದಿನ ಊಹೆಯನ್ನು ಯಾರೂ ಕೇಳದಿದ್ದರೆ ಅಂಕಿ ತಾನೇ ಸತ್ಯವಾಗಿಬಿಡುತ್ತದೆ. ಯಂತ್ರದ ಎಣಿಕೆಗೆ ಬರುವ ಮೊದಲು ಈ ಪಾಠವನ್ನು ನೆನಪಿಡುವುದು ಒಳ್ಳೆಯದು.

ಉಗುರಿನ ಬುಡದಲ್ಲಿ ಕಿಟಕಿ

ಕಪ್ಪೆಯನ್ನು ಕೊಯ್ದು ನೋಡಬಹುದು, ರೋಗಿಯನ್ನು ಹಾಗೆ ನೋಡಲಾಗದು. ದೇಹವನ್ನು ಕೊಯ್ಯದೆ ಲೋಮನಾಳ ಕಾಣುವ ಕಿಟಕಿಯೊಂದು ಸಿಕ್ಕಿದ್ದು ಉಗುರಿನ ಬುಡದಲ್ಲಿ. ಅಲ್ಲಿ ಚರ್ಮ ಮಡಚಿಕೊಳ್ಳುವುದರಿಂದ ಲೋಮನಾಳಗಳು ನಿಂತಿರದೆ ಮಲಗಿರುತ್ತವೆ. ತಲೆಗೆ ಮುಡಿಯುವ ಪಿನ್ನಿನಂತೆ ಬಾಗಿದ ಅವುಗಳ ಕುಣಿಕೆ ಉದ್ದಕ್ಕೂ ಕಾಣುತ್ತದೆ. ಚರ್ಮದ ಮೇಲೆ ಒಂದು ಹನಿ ಎಣ್ಣೆ ಹಾಕಿದರೆ ಬೆಳಕು ಚೆದರದೆ ಲೋಮನಾಳಗಳು ಸ್ಪಷ್ಟವಾಗುತ್ತವೆ ಎಂಬುದನ್ನು 1912ರಲ್ಲಿ ಅಮೆರಿಕದ ವಾರೆನ್ ಲೊಂಬಾರ್ಡ್ ತೋರಿಸಿದ.

ಇದರ ಪ್ರಯೋಜನ ಬೇಗನೆ ತಿಳಿಯಿತು. ಚಳಿ ತಗಲಿದೊಡನೆ ಬೆರಳು ಬಿಳಿಚಿ, ಬಳಿಕ ನೀಲಿಗಟ್ಟುವ ತೊಂದರೆಯನ್ನು ಫ್ರಾನ್ಸಿನ ಮಾರಿಸ್ ರೇನೋ 1862ರಲ್ಲಿಯೇ ವಿವರಿಸಿದ್ದ. ಹಲವರಲ್ಲಿ ಅದು ನಿರಪಾಯ. ಕೆಲವರಲ್ಲಿ ಮಾತ್ರ ಚರ್ಮವನ್ನೂ ಒಳ ಅಂಗಗಳನ್ನೂ ಗಡಸಾಗಿಸುವ ಸ್ಕ್ಲಿರೋಡರ್ಮಾ ಎಂಬ ಕಾಯಿಲೆಯ ಮುನ್ಸೂಚನೆ. 1925ರಲ್ಲಿ ಬ್ರೌನ್ ಮತ್ತು ಒ'ಲಿಯರಿ ಎಂಬ ಅಮೆರಿಕದ ವೈದ್ಯರು ಸ್ಕ್ಲಿರೋಡರ್ಮಾ ಇರುವವರ ಉಗುರಿನ ಬುಡದ ಲೋಮನಾಳಗಳು ಊದಿಕೊಂಡು, ಅಲ್ಲಲ್ಲಿ ಅಳಿದುಹೋಗಿರುವುದನ್ನು ವರದಿ ಮಾಡಿದರು. 2013ರಲ್ಲಿ ಅಮೆರಿಕ ಮತ್ತು ಯೂರೋಪಿನ ಸಂಧಿವಾತ ತಜ್ಞರ ಸಂಘಗಳು ಈ ರೋಗವನ್ನು ಗುರುತಿಸಲು ರೂಪಿಸಿದ ಲಕ್ಷಣಗಳ ಪಟ್ಟಿಯಲ್ಲಿ ಉಗುರಿನ ಬುಡದ ಲೋಮನಾಳಗಳಿಗೂ ಸ್ಥಾನ ಸಿಕ್ಕಿತು.

ಇಲ್ಲಿ ಬೇಕಾದದ್ದು ಆಕಾರ. ಹರಿವಿನ ವೇಗ ಅಳೆಯುವುದು ಬೇರೆಯೇ ಕೆಲಸ. ಅದಕ್ಕೊಂದು ಜಾಣ ಉಪಾಯವನ್ನು 1967ರಲ್ಲಿ ಅಮೆರಿಕದ ಹೆರಾಲ್ಡ್ ವೇಲ್ಯಾಂಡ್ ಮತ್ತು ಪಾಲ್ ಜಾನ್ಸನ್ ಪ್ರಕಟಿಸಿದರು. ರಸ್ತೆಯಲ್ಲಿ ಎತ್ತಿನ ಗಾಡಿಗಳ ಸಾಲೊಂದು ಸಾಗುತ್ತಿದೆ ಎಂದುಕೊಳ್ಳಿ. ಎರಡು ಮೈಲಿಗಲ್ಲುಗಳ ಬಳಿ ಇಬ್ಬರು ನಿಂತು, ಗಾಡಿ ದಾಟಿದಾಗೆಲ್ಲ ಗುರುತು ಹಾಕುತ್ತಾರೆ. ಮೊದಲನೆಯವನ ಗುರುತುಗಳ ವಿನ್ಯಾಸವೇ ಸ್ವಲ್ಪ ಹೊತ್ತಿನ ಮೇಲೆ ಎರಡನೆಯವನ ಹಾಳೆಯಲ್ಲಿ ಮೂಡುತ್ತದೆ. ನಡುವಿನ ಹೊತ್ತು ಗೊತ್ತಾದರೆ ವೇಗ ಗೊತ್ತಾದಂತೆ; ಯಾವ ಗಾಡಿ ಯಾರದೆಂದು ತಿಳಿಯಬೇಕಾಗಿಲ್ಲ. ನಾಳದ ಚಿತ್ರದ ಮೇಲೆ ಎರಡು ಸಣ್ಣ ಸೀಳುಗಳನ್ನಿಟ್ಟು, ಅವುಗಳ ಮೂಲಕ ಬರುವ ಬೆಳಕಿನ ಏರಿಳಿತವನ್ನು ಹೋಲಿಸಿ ಅವರು ರಕ್ತಕಣಗಳ ವೇಗ ಅಳೆದರು. 1977ರಲ್ಲಿ ಫಾಗ್ರೆಲ್, ಫ್ರೊನೆಕ್ ಮತ್ತು ಇಂಟಾಲಿಯೆಟ್ಟಾ ಸೂಕ್ಷ್ಮದರ್ಶಕಕ್ಕೆ ಟೆಲಿವಿಷನ್ ಕ್ಯಾಮರಾ ಜೋಡಿಸಿ ಮನುಷ್ಯನ ಚರ್ಮದ ಲೋಮನಾಳಗಳಲ್ಲಿ ವೇಗ ಅಳೆಯುವ ವ್ಯವಸ್ಥೆಯನ್ನು ವಿವರಿಸಿದರು. ಯಂತ್ರದ ಎಣಿಕೆಗೆ ಅಂಕುರಾರ್ಪಣೆಯಾಗಿದ್ದು ಹೀಗೆ.

ನಾಲಗೆಯ ಕೆಳಗಿನ ತೊಗಲುಗೊಂಬೆಯಾಟ

ನಂಜೇರಿ ಮಲಗಿದ ರೋಗಿಯ ಬೆರಳು ತಣ್ಣಗಾಗಿರುತ್ತದೆ. ಅಲ್ಲಿನ ಹರಿವು ಕೋಣೆಯ ಚಳಿಗೂ ಕುಗ್ಗುತ್ತದೆ. ಆದ್ದರಿಂದ ಒಳ ಅಂಗಗಳ ಸ್ಥಿತಿ ಊಹಿಸಲು ನಾಲಗೆಯ ಕೆಳಭಾಗವನ್ನು ಆರಿಸಿಕೊಂಡರು. ಅಲ್ಲಿನ ಪೊರೆ ತೆಳು, ಮೈಯ ಬಿಸಿ ಸ್ಥಿರ, ಉಪಕರಣ ಇಡುವುದೂ ಸುಲಭ.

1999ರಲ್ಲಿ ಅಮೆರಿಕ ಮತ್ತು ಯೂರೋಪಿನ ವಿಜ್ಞಾನಿಗಳ ತಂಡವೊಂದು ಪ್ರಕಟಿಸಿದ ತಂತ್ರ ಇದಕ್ಕೆ ದಾರಿ ಮಾಡಿತು. ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹಸಿರು ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿ ಪೊರೆಯ ಮೇಲೆ ಬಿಟ್ಟರೆ, ಮೇಲ್ಮೈಯಿಂದ ಹೊಳೆದು ಮರಳುವ ಬೆಳಕು ಅದೇ ದಿಕ್ಕಿನಲ್ಲಿ ಉಳಿಯುತ್ತದೆ. ಅದನ್ನು ಶೋಧಕ ತಡೆಯುತ್ತದೆ. ಒಳಕ್ಕಿಳಿದು ಚೆದರಿ ಬಂದ ಬೆಳಕು ಮಾತ್ರ ಕ್ಯಾಮರಾ ಸೇರುತ್ತದೆ. ಆಗ ನಾಳಗಳ ಹಿಂದೆ ದೀಪ ಹಚ್ಚಿಟ್ಟಂತಾಗುತ್ತದೆ. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ದೀಪವಿಟ್ಟಾಗ ಗೊಂಬೆಗಳು ಎದ್ದು ಕಾಣುವ ಹಾಗೆ, ಬೆಳಕಿನ ಹಿನ್ನೆಲೆಯಲ್ಲಿ ಕಣಗಳ ಸಾಲು ಕಪ್ಪಗೆ ಮೂಡುತ್ತದೆ. 2007ರಲ್ಲಿ ಆಮ್‌ಸ್ಟರ್‌ಡ್ಯಾಮಿನ ತಂಡ ಮಸೂರದ ಸುತ್ತ ಪುಟ್ಟ ದೀಪಗಳ ಬಳೆ ತೊಡಿಸಿ ಇನ್ನೂ ಸ್ಪಷ್ಟವಾದ ಚಿತ್ರ ಪಡೆಯಿತು.

ಈ ಕಿಟಕಿಯಿಂದ ಕಂಡದ್ದು ಗಂಭೀರವಾಗಿತ್ತು. ಸೋಂಕಿಗೆ ದೇಹವೇ ಹದ ತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳು ಸೋಲುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. 2002ರಲ್ಲಿ ಬ್ರಸೆಲ್ಸ್‌ನ ಡೇನಿಯಲ್ ಡಿ ಬ್ಯಾಕರ್ ಮತ್ತು ಸಹೋದ್ಯೋಗಿಗಳು ತೀವ್ರ ಸೆಪ್ಸಿಸ್‌ಗೆ ಗುರಿಯಾದ 50 ರೋಗಿಗಳ ನಾಲಗೆಯಡಿ ನೋಡಿದ್ದನ್ನು ಪ್ರಕಟಿಸಿದರು. ರಕ್ತ ಹರಿಯುತ್ತಿದ್ದ ಸಣ್ಣ ನಾಳಗಳ ಪಾಲು ಆರೋಗ್ಯವಂತರಿಗಿಂತ ಕಡಿಮೆಯಿತ್ತು. ಮುಂದೆ ತೀರಿಕೊಂಡವರಲ್ಲಿ ಅದು ಇನ್ನೂ ಕಡಿಮೆ. ನಾಳಗಳನ್ನು ಹಿಗ್ಗಿಸುವ ಅಸಿಟೈಲ್‌ಕೋಲಿನ್ ಎಂಬ ದ್ರವವನ್ನು ಅಲ್ಲಿಯೇ ಲೇಪಿಸಿದಾಗ ನಿಂತ ಹರಿವು ಮತ್ತೆ ಚಾಲೂ ಆಯಿತು. ಅಂದರೆ ಕೊನೆಭಾಗದ ತೂಬುಗಳು ಒಡೆದಿರಲಿಲ್ಲ, ಮುಚ್ಚಿಕೊಂಡಿದ್ದವು. ಚಿಕಿತ್ಸೆಗೆ ಅವಕಾಶವಿದೆ ಎಂಬ ಆಸೆ ಹುಟ್ಟಿದ್ದು ಇಲ್ಲಿ.

ಗೆರೆ ಎಳೆದು ಎಣಿಸುವ ಕಷ್ಟ

ಆಸೆಯ ಹಿಂದೆಯೇ ತೊಡಕೂ ಬಂತು. 2007ರಲ್ಲಿ ತಜ್ಞರು ಒಟ್ಟಿಗೆ ಕುಳಿತು ಎಣಿಕೆಯ ಕ್ರಮಗಳನ್ನು ಒಪ್ಪಿಕೊಂಡರು. ಒಂದು ಕ್ರಮದಲ್ಲಿ ಪರದೆಯ ಮೇಲೆ ಮೂರು ಅಡ್ಡ, ಮೂರು ಉದ್ದ ಗೆರೆ ಎಳೆದು, ಅವುಗಳನ್ನು ದಾಟುವ ನಾಳಗಳನ್ನು ಎಣಿಸಬೇಕು. ಇನ್ನೊಂದರಲ್ಲಿ ಚಿತ್ರವನ್ನು ನಾಲ್ಕು ಭಾಗ ಮಾಡಿ ಪ್ರತಿ ಭಾಗದ ಹರಿವಿಗೆ ಅಂಕ ಕೊಡಬೇಕು: ನಿಂತಿದ್ದರೆ 0, ನಿಂತು ನಿಂತು ಹರಿದರೆ 1, ನಿಧಾನವಾಗಿದ್ದರೆ 2, ಸರಾಗವಾಗಿದ್ದರೆ 3. ನಾಲಗೆಯಡಿಯ ಒಂದೇ ಜಾಗ ಸಾಲದು. ಹಲವು ಜಾಗಗಳಿಂದ, ಒಂದೊಂದೂ ಕನಿಷ್ಠ 20 ಸೆಕೆಂಡಿನ ತುಣುಕು ಬೇಕು.

ಪ್ರತಿ ನಾಳದ ಮೇಲೂ ಕೈಯಿಂದ ಗೆರೆ ಎಳೆದು, ಮತ್ತೆ ಮತ್ತೆ ತುಣುಕು ಓಡಿಸಿ ಒಬ್ಬ ರೋಗಿಯ ಲೆಕ್ಕ ಮುಗಿಸಲು ಪರಿಣತರಿಗೂ ಗಂಟೆಗಟ್ಟಲೆ ಬೇಕು. ಒಬ್ಬರಿಗೆ ನಿಧಾನವೆನಿಸಿದ ಹರಿವು ಇನ್ನೊಬ್ಬರಿಗೆ ಸರಾಗವೆನಿಸಬಹುದು. ಸೆಪ್ಸಿಸ್ ಗಂಟೆಗಳ ಲೆಕ್ಕದಲ್ಲಿ ಬಿಗಡಾಯಿಸುವ ಕಾಯಿಲೆ. ಬೆಳಿಗ್ಗೆಯ ಚಿತ್ರದ ಉತ್ತರ ಸಂಜೆ ಬಂದರೆ ಅದು ಸಂಶೋಧನಾ ಪ್ರಬಂಧಕ್ಕಾದೀತು, ಮಂಚದ ಮೇಲಿರುವವರಿಗಲ್ಲ. ಕಂಪ್ಯೂಟರನ್ನು ಕರೆತಂದದ್ದು ಈ ಅಗತ್ಯ.

ಯಂತ್ರ ಎಣಿಸುವ ಪರಿ

ಯಂತ್ರದ ಮೊದಲ ಕೆಲಸ ಅಲುಗಾಟ ನಿಲ್ಲಿಸುವುದು. ರೋಗಿ ಉಸಿರಾಡುತ್ತಾನೆ, ನಾಲಗೆ ಮಿಡುಕುತ್ತದೆ, ಉಪಕರಣ ಹಿಡಿದ ವೈದ್ಯರ ಕೈಯೂ ನಡುಗುತ್ತದೆ. ಪರದೆಯ ಮೇಲೆ ಕಾಣುವ ಜಾಗದ ಅಗಲವೇ ಒಂದು ಮಿಲಿಮೀಟರಿನ ಆಸುಪಾಸು; ಅಲ್ಲಿ ಕೂದಲೆಳೆಯಷ್ಟು ಅಲುಗಿದರೂ ನಾಳ ಜಾಗ ಬದಲಿಸುತ್ತದೆ. ಸೆಕೆಂಡಿಗೆ 25 ಬಿಡಿಚಿತ್ರಗಳಂತೆ 20 ಸೆಕೆಂಡಿಗೆ 500 ಚಿತ್ರಗಳಾದವು. ಒಂದೊಂದನ್ನೂ ಹಿಂದಿನದರ ಮೇಲಿಟ್ಟು, ಎಷ್ಟು ಸರಿಸಿದರೆ ಎರಡೂ ಕೂಡುತ್ತವೆ ಎಂದು ಹುಡುಕಿ ಕಂಪ್ಯೂಟರ್ ಅವನ್ನು ಸರಿಹೊಂದಿಸುತ್ತದೆ.

ಎರಡನೆಯದು ನಾಳ ಗುರುತಿಸುವುದು. ಕಂಪ್ಯೂಟರಿಗೆ ನಾಳವೆಂದರೇನೆಂದು ತಿಳಿಯದು. ಅದರ ಪಾಲಿಗೆ ಇರುವುದು ಹೆಚ್ಚು ಕಡಿಮೆ ಬೆಳಕಿನ ಚುಕ್ಕೆಗಳು ಮಾತ್ರ. ಬೆಳಕನ್ನು ಎತ್ತರವೆಂದೂ ಕಪ್ಪನ್ನು ತಗ್ಗೆಂದೂ ಭಾವಿಸಿದರೆ ನಾಳವೊಂದು ಹೊಲದ ನಡುವಿನ ಕಾಲುವೆಯಂತೆ. ಅದರ ಉದ್ದಕ್ಕೂ ನಡೆದರೆ ನೆಲ ಸಮತಟ್ಟು, ಎಡಕ್ಕೋ ಬಲಕ್ಕೋ ಹೆಜ್ಜೆ ಇಟ್ಟರೆ ಏರು. ಪ್ರತಿ ಚುಕ್ಕೆಯಲ್ಲೂ ಈ ಗುಣವಿದೆಯೇ ಎಂದು ಕೇಳುವ ಗಣಿತವನ್ನು 1998ರಲ್ಲಿ ನೆದರ್ಲೆಂಡ್ಸಿನ ಯೂಟ್ರೆಕ್ಟಿನಲ್ಲಿದ್ದ ಅಲೆಜಾಂಡ್ರೊ ಫ್ರಾಂಜಿ ಮತ್ತು ಸಂಗಡಿಗರು ರೂಪಿಸಿದರು. ಇಂಥ ಗಣಿತ ಇಂದಿಗೂ ಬಳಕೆಯಲ್ಲಿದೆ. ಕಣಗಳ ನಡುವಿನ ತೆರಪಿನಿಂದ ನಾಳ ತುಂಡುತುಂಡಾಗಿ ಕಾಣದಿರಲೆಂದು ಹಲವು ಬಿಡಿಚಿತ್ರಗಳ ಸರಾಸರಿಯ ಮೇಲೆ ಇದನ್ನು ನಡೆಸುತ್ತಾರೆ.

ಮೂರನೆಯದು ವೇಗ. ಒಂದು ನಾಳದ ನಡುಗೆರೆಯ ಉದ್ದಕ್ಕೂ ಇರುವ ಚುಕ್ಕೆಗಳನ್ನು ಪ್ರತಿ ಬಿಡಿಚಿತ್ರದಿಂದ ಎತ್ತಿ, ಮಗ್ಗದಲ್ಲಿ ಎಳೆಯ ಪಕ್ಕ ಎಳೆ ಕೂರಿಸುವಂತೆ ಒಂದರ ಕೆಳಗೊಂದು ಜೋಡಿಸುತ್ತಾರೆ. ಹೀಗೆ ನೇಯ್ದ ಬಟ್ಟೆಯಲ್ಲಿ ಓರೆ ಪಟ್ಟೆಗಳು ಮೂಡುತ್ತವೆ. ಕಣ ನಿಂತಿದ್ದರೆ ಪಟ್ಟೆ ನೆಟ್ಟಗೆ ಕೆಳಗಿಳಿಯುತ್ತದೆ. ವೇಗ ಹೆಚ್ಚಿದಷ್ಟೂ ಹೆಚ್ಚು ಓರೆಯಾಗುತ್ತದೆ. ಆ ಓರೆಯನ್ನು ಅಳೆದರೆ ವೇಗ ಸಿಕ್ಕಿತು. ಗಾಡಿಗಳ ಸಾಲಿಗೆ ಇಬ್ಬರು ಕಾವಲುಗಾರರ ಬದಲು ದಾರಿಯುದ್ದಕ್ಕೂ ನೂರು ಮಂದಿ ನಿಂತಂತೆ ಇದು.

ಸ್ವಿಟ್ಜರ್ಲೆಂಡಿನ ಮಥಿಯಾಸ್ ಹಿಲ್ಟಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಮೈಕ್ರೋಟೂಲ್ಸ್ ಎಂಬ ತಂತ್ರಾಂಶ ಲೋಮನಾಳಗಳ ದಟ್ಟಣೆಯನ್ನೂ ಕಣಗಳ ವೇಗವನ್ನೂ ಮನುಷ್ಯನ ಕೈ ಸೋಕದೆ ಲೆಕ್ಕ ಹಾಕುತ್ತದೆ. ಇನ್ನು ಕೆಲವರು ನಾಳ ಹೇಗಿರುತ್ತದೆಂದು ಗಣಿತದಿಂದ ಹೇಳಿಕೊಡುವ ಬದಲು, ಪರಿಣತರು ಗೆರೆ ಎಳೆದಿಟ್ಟ ಸಾವಿರಾರು ಮಾದರಿಗಳನ್ನು ತೋರಿಸಿ ಯಂತ್ರವೇ ಕಲಿಯುವಂತೆ ಮಾಡುತ್ತಿದ್ದಾರೆ. 2015ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ರೂಪುಗೊಂಡ ಯು-ನೆಟ್ ಎಂಬ ಜಾಲ ಈ ಬಗೆಯದು. ಜೀವಕೋಶಗಳ ಸೂಕ್ಷ್ಮಚಿತ್ರಗಳನ್ನು ಭಾಗಭಾಗವಾಗಿ ಗುರುತಿಸಲು ಹುಟ್ಟಿದ ಅದು ಈಗ ವೈದ್ಯಕೀಯ ಚಿತ್ರಗಳಲ್ಲೆಲ್ಲ ಮನೆಮಾತು.

ಯಂತ್ರ ಎಡವುವ ಜಾಗಗಳು

ಮಾಲ್ಪಿಗಿ ರಕ್ತಕಣವನ್ನು ಕೊಬ್ಬೆಂದು ಬಗೆದಂತೆ ಯಂತ್ರವೂ ಕಂಡದ್ದಕ್ಕೆ ತಪ್ಪು ಹೆಸರಿಡಬಲ್ಲದು. ಉಪಕರಣವನ್ನು ತುಸು ಒತ್ತಿ ಹಿಡಿದರೆ ಸಾಕು, ಒತ್ತಡಕ್ಕೆ ನಾಳಗಳಲ್ಲಿ ಹರಿವು ನಿಲ್ಲುತ್ತದೆ. ಯಂತ್ರ ನಿಂತ ಹರಿವನ್ನು ನಿಷ್ಠೆಯಿಂದ ವರದಿ ಮಾಡುತ್ತದೆ. ರೋಗವೇ ಹರಿವನ್ನು ನಿಲ್ಲಿಸಿತೋ, ವೈದ್ಯರ ಕೈ ನಿಲ್ಲಿಸಿತೋ ಅದಕ್ಕೆ ತಿಳಿಯದು. ಈ ಕಾರಣಕ್ಕೆ 2013ರಲ್ಲಿ ಅಮೆರಿಕದ ಸಂಶೋಧಕರು ಬೆಳಕು, ಅವಧಿ, ಸ್ಪಷ್ಟತೆ, ಚಿತ್ರದ ಹೂರಣ, ಸ್ಥಿರತೆ, ಒತ್ತಡ ಎಂಬ ಆರು ಅಂಶಗಳಲ್ಲಿ ತುಣುಕಿನ ಗುಣಮಟ್ಟ ಅಳೆಯುವ ಕ್ರಮ ಸೂಚಿಸಿದರು. ಮೊದಲು ಜರಡಿ, ಆಮೇಲೆ ಅಳತೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಕ್ಯಾಮರಾಕ್ಕೆ ಕಾಣುವುದು ನಾಳದ ಗೋಡೆಯಲ್ಲ, ಅದರೊಳಗಿನ ಕೆಂಪು ಕಣಗಳು. ಕಣಗಳೇ ಬಾರದ ನಾಳ ಪರದೆಯಿಂದ ಮಾಯವಾಗುತ್ತದೆ. ಎಲ್ಲಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುವ ನಾಳ ಎಣಿಕೆಗೇ ಸಿಗದೆ ಹೋಗುತ್ತದೆ. ಕಾಣುವ ನಾಳಗಳಲ್ಲಿ ಹರಿಯುತ್ತಿರುವವು ಎಷ್ಟು ಎಂಬ ಪ್ರಮಾಣವನ್ನಷ್ಟೇ ನಂಬಿದರೆ ಸತ್ತ ರೈತರನ್ನು ಬಿಟ್ಟು ಬದುಕಿದವರ ಬೆಳೆ ಎಣಿಸಿದಂತಾದೀತು. ಆದ್ದರಿಂದ ಪ್ರಮಾಣದ ಜೊತೆಗೆ ದಟ್ಟಣೆಯನ್ನೂ ನೋಡಬೇಕು. ಸರಾಸರಿಯೂ ಹೀಗೆಯೇ ಮೋಸ ಮಾಡುತ್ತದೆ. ಅರ್ಧ ಜಾಗದಲ್ಲಿ ಹರಿವು ನಿಂತು ಇನ್ನರ್ಧದಲ್ಲಿ ಧಾವಿಸುತ್ತಿದ್ದರೆ ಸರಾಸರಿ ಸಹಜವಾಗಿಯೇ ಇರುತ್ತದೆ.

ವೇಗಕ್ಕೂ ಮಿತಿಯುಂಟು. ಸೆಕೆಂಡಿಗೆ ಒಂದು ಮಿಲಿಮೀಟರ್ ಓಡುವ ಕಣ, ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮರಾದ ಎರಡು ಚಿತ್ರಗಳ ನಡುವೆ 40 ಮೈಕ್ರಾನ್ ದಾಟಿರುತ್ತದೆ. ಅಷ್ಟರಲ್ಲಿ ಹಿಂದಿನ ಕಣ ಅದರ ಜಾಗಕ್ಕೆ ಬಂದಿದ್ದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಚರ್ಮದ ಬಣ್ಣದ ಪ್ರಶ್ನೆಯೂ ಇದೆ. ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಕೂಡ ಹಸಿರು ಬೆಳಕನ್ನು ಹೀರುವುದರಿಂದ ಕಪ್ಪು ಮೈಬಣ್ಣದವರ ಉಗುರಿನ ಬುಡದಲ್ಲಿ ಲೋಮನಾಳಗಳು ಅಷ್ಟು ಸ್ಪಷ್ಟವಾಗಿ ಕಾಣವು. ಬಿಳಿ ಚರ್ಮದವರ ಚಿತ್ರಗಳನ್ನಷ್ಟೇ ನೋಡಿ ಕಲಿತ ಯಂತ್ರ, ಕಾಣದ ನಾಳವನ್ನು ಇಲ್ಲದ ನಾಳವೆಂದುಕೊಳ್ಳಬಹುದು. ನಮ್ಮ ನಾಡಿನ ಆಸ್ಪತ್ರೆಗಳಿಗೆ ಇಂಥ ಯಂತ್ರ ಬರುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದು ಯಾರ ಬೆರಳು ನೋಡಿ ಕಲಿತದ್ದು ಎಂಬುದು.

ಲೆಕ್ಕ ಬಂದ ಮೇಲೆ?

ಎಣಿಕೆ ಸರಿಯಾಗಿ, ಸಕಾಲಕ್ಕೆ ಬಂದಿತೆನ್ನಿ. ಅದರಿಂದ ಜೀವ ಉಳಿಯುತ್ತದೆಯೇ? ಆಘಾತದ ಸ್ಥಿತಿಯಲ್ಲಿದ್ದ ರೋಗಿಗಳ ನಾಲಗೆಯಡಿಯ ಹರಿವಿನ ಮಾಹಿತಿಯನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ಒದಗಿಸಿ ನಡೆಸಿದ ಡ್ಯಾಮಿಸ್ ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂತು. ಮಾಹಿತಿ ಕೊಟ್ಟದ್ದರಿಂದ ಸಾವು ಕಡಿಮೆಯಾಗಲಿಲ್ಲ. ಅಚ್ಚರಿಪಡಬೇಕಿಲ್ಲ. ಕೊನೆಭಾಗಕ್ಕೆ ನೀರು ತಲುಪಿಲ್ಲವೆಂದು ತಿಳಿಯುವುದು ಬೇರೆ, ಯಾವ ತೂಬು ಎತ್ತಬೇಕೆಂದು ತಿಳಿಯುವುದು ಬೇರೆ. ನಾಲಗೆಯಡಿ ಲೇಪಿಸಿದ ದ್ರವ ಅಲ್ಲಿಯ ನಾಳ ತೆರೆಯಬಲ್ಲದು. ಇಡೀ ಮೈಯ ನಾಳಗಳನ್ನು ಹಾಗೆ ತೆರೆಯಲು ಹೋದರೆ ರಕ್ತದೊತ್ತಡವೇ ಕುಸಿದೀತು.

ಇದಕ್ಕೆ ಇನ್ನೊಂದು ಮುಖವೂ ಉಂಟು. 2019ರಲ್ಲಿ ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳಲ್ಲಿ ನಡೆದ ಆಂಡ್ರೊಮಿಡಾ-ಶಾಕ್ ಎಂಬ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಸೆಪ್ಸಿಸ್ ಆಘಾತಕ್ಕೀಡಾದ 424 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ರಕ್ತದ ಲ್ಯಾಕ್ಟೇಟ್ ಪರೀಕ್ಷೆಯನ್ನು ಆಧರಿಸಿ ಚಿಕಿತ್ಸೆ ನೀಡಿದರು. ಉಳಿದರ್ಧಕ್ಕೆ ಆಧಾರವಾದದ್ದು ಬೆರಳ ತುದಿ. ಗಾಜಿನ ಚೂರಿನಿಂದ ಬೆರಳನ್ನು 10 ಸೆಕೆಂಡ್ ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಎಣಿಸುವುದು. ಮೂರು ಸೆಕೆಂಡ್ ಮೀರಿದರೆ ಅಸಹಜ. 28 ದಿನಗಳಲ್ಲಿ ಲ್ಯಾಕ್ಟೇಟ್ ಗುಂಪಿನಲ್ಲಿ 92 ಮಂದಿ ತೀರಿಕೊಂಡರು, ಬೆರಳಿನ ಗುಂಪಿನಲ್ಲಿ 74. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ಈ ವ್ಯತ್ಯಾಸ ದಾಟಲಿಲ್ಲವಾದರೂ ಒಂದು ಗಡಿಯಾರ ಮತ್ತು ಒಂದು ಗಾಜಿನ ಚೂರು ದುಬಾರಿ ಪರೀಕ್ಷೆಗೆ ಹಿಂದೆ ಬೀಳಲಿಲ್ಲ. ಲ್ಯಾಕ್ಟೇಟ್ ಪರೀಕ್ಷೆ ದೊರೆಯದ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಇದು ಸಣ್ಣ ಸುದ್ದಿಯಲ್ಲ.

ಹಾಗೆಂದು ನಾಲಗೆಯಡಿಯ ಯಂತ್ರ ಬೇಡವೆಂದಲ್ಲ. ಬೆರಳು ಒತ್ತಿ ನೋಡುವ ಪರೀಕ್ಷೆ, ಹರಿವು ಕುಗ್ಗಿದೆ ಎಂದಷ್ಟೇ ಹೇಳುತ್ತದೆ. ಯಾವ ನಾಳ, ಎಷ್ಟು, ಯಾವ ಔಷಧಿಯಿಂದ ಎಷ್ಟು ಹೊತ್ತಿಗೆ ತೆರೆಯಿತು ಎಂಬುದನ್ನು ಹೇಳಲು ಕಣ ಕಣವನ್ನೂ ಎಣಿಸುವ ಕಣ್ಣು ಬೇಕು. ತೂಬು ಎತ್ತುವ ಔಷಧಿಯೊಂದು ಎಂದಾದರೂ ಸಿಕ್ಕಿದರೆ, ಅದು ಸಿಕ್ಕಿತೆಂದು ತಿಳಿಯುವುದೂ ಇಂಥ ಎಣಿಕೆಯಿಂದಲೇ.

ಹಾರ್ವೆಗೆ ಲೆಕ್ಕವಿತ್ತು, ಕಣ್ಣಿರಲಿಲ್ಲ. ಮಾಲ್ಪಿಗಿಗೆ ಕಣ್ಣಿತ್ತು, ಲೆಕ್ಕವಿರಲಿಲ್ಲ. ಇಂದಿನ ವೈದ್ಯರಿಗೆ ಎರಡೂ ಇವೆ. ಹೊತ್ತು ಮಾತ್ರ ಸಾಲದು. ಯಂತ್ರದಿಂದ ಅವರು ಬೇಡುತ್ತಿರುವುದು ಆ ಹೊತ್ತನ್ನು. ಓದುಗರು ತಮ್ಮ ಬೆರಳ ತುದಿಯನ್ನು ಒಮ್ಮೆ ಒತ್ತಿ ಬಿಟ್ಟು ನೋಡಬಹುದು. ಬಿಳಿಚಿದ ಜಾಗ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗುತ್ತದೆ. ಕಪ್ಪೆಯ ಶ್ವಾಸಕೋಶದಲ್ಲಿ 1661ರಲ್ಲಿ ಮೊದಲು ಕಂಡ ಬಲೆಯೇ ಅಲ್ಲಿ ತುಂಬಿಕೊಳ್ಳುತ್ತಿರುವುದು.